ಖಾಲಿ ಹುದ್ದೆಗಳ ಲೆಕ್ಕ: ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಯಾರಿಲ್ಲ, ಏಕಿಲ್ಲ?

ಹೋಬಳಿ ಕೇಂದ್ರದ ಆಸ್ಪತ್ರೆಗೆ ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬಾಗಿಲಲ್ಲೇ ‘ಡಾಕ್ಟರು ಇಲ್ಲಮ್ಮ’ ಎಂಬ ಉತ್ತರ ದೊರೆಯುವುದುಂಟು. ಗ್ರಾಮಗಳಿಂದ ಮಠಕ್ಕೆ ಬರುವ ಭಕ್ತರಲ್ಲಿ ಈ ಮಾತನ್ನು ಒಮ್ಮೆಯಾದರೂ ಕೇಳದವರು ವಿರಳ. ಎರಡೇ ಪದಗಳ ಈ ಉತ್ತರಕ್ಕೆ ಕನಿಷ್ಠ ನಾಲ್ಕು ಅರ್ಥಗಳಿವೆ. ಆ ಆಸ್ಪತ್ರೆಗೆ ವೈದ್ಯರ ಹುದ್ದೆಯೇ ಮಂಜೂರಾಗಿಲ್ಲದಿರಬಹುದು. ಮಂಜೂರಾಗಿದ್ದರೂ ಯಾರೂ ನೇಮಕಗೊಳ್ಳದೆ ಅದು ಖಾಲಿ ಉಳಿದಿರಬಹುದು. ನೇಮಕಗೊಂಡ ವೈದ್ಯರು ವೇತನವನ್ನು ಈ ಹುದ್ದೆಯ ಎದುರಿಗೆ ಪಡೆಯುತ್ತ, ನಿಯೋಜನೆಯ ಮೇಲೆ ಬೇರೊಂದು ಊರಿನಲ್ಲಿ ಕೆಲಸ ಮಾಡುತ್ತಿರಬಹುದು. ಅಥವಾ ವೈದ್ಯರು ಇದ್ದೂ ಅಂದು ತಾಲ್ಲೂಕು ಕೇಂದ್ರದ ಸಭೆಗೋ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯಲೋ ಹೋಗಿರಬಹುದು.

ತಾಯಿಯ ಪಾಲಿಗೆ ಈ ನಾಲ್ಕೂ ಒಂದೇ. ಪರಿಹಾರಗಳು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಹೊಸ ಹುದ್ದೆಯ ಸೃಷ್ಟಿಯಾಗಬೇಕು. ಅದಕ್ಕೆ ಆರ್ಥಿಕ ಇಲಾಖೆಯ ಸಮ್ಮತಿ ಬೇಕು. ಎರಡನೆಯದಕ್ಕೆ ನೇಮಕಾತಿ ನಡೆಯಬೇಕು. ಮೂರನೆಯದಕ್ಕೆ ನಿಯೋಜನೆಯ ಆದೇಶವೊಂದು ರದ್ದಾದರೆ ಸಾಕು. ನಾಲ್ಕನೆಯದಕ್ಕೆ ವೈದ್ಯರು ಎಂದು, ಎಷ್ಟು ಹೊತ್ತಿಗೆ ದೊರೆಯುತ್ತಾರೆಂದು ತಿಳಿಸುವ ಫಲಕವೊಂದನ್ನು ಬಾಗಿಲಲ್ಲಿ ತೂಗುಹಾಕಬಹುದು. ಯಾವುದರ ಕೊರತೆ ಎಂಬುದನ್ನು ತಿಳಿಯದೆ ‘ನಮ್ಮೂರಿಗೆ ವೈದ್ಯರನ್ನು ಕೊಡಿ’ ಎಂದು ಸಲ್ಲಿಸಿದ ಮನವಿಪತ್ರಗಳು ಕಚೇರಿಯಿಂದ ಕಚೇರಿಗೆ ಸುತ್ತಿ, ‘ಪರಿಶೀಲಿಸಲಾಗುವುದು’ ಎಂಬ ಟಿಪ್ಪಣಿಯೊಡನೆ ಕಡತದಲ್ಲಿ ಮಲಗುವುದನ್ನು ನಾನು ಸೇವೆಯಲ್ಲಿದ್ದ ಕಾಲದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಔಷಧಿ, ಪಥ್ಯ, ಯೋಗಾಸನಗಳ ವಿಚಾರ ಬರುವ ಈ ಪುಟಗಳಲ್ಲಿ ಅಂಕಿಅಂಶಗಳಂಥ ಒಣ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಇದೇ ಕಾರಣ.

ಆರೋಗ್ಯ ಸಿಬ್ಬಂದಿಯನ್ನು ಎಣಿಸುವ ಕಾರ್ಯ ನಮ್ಮ ದೇಶಕ್ಕೆ ಹೊಸದಲ್ಲ. ಸ್ವಾತಂತ್ರ್ಯಕ್ಕೆ ಮುನ್ನ, 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡು 1946ರಲ್ಲಿ ವರದಿ ಸಲ್ಲಿಸಿದ ಸಮಿತಿಯು ಅಂದಿನ ಸ್ಥಿತಿಯನ್ನು ಲೆಕ್ಕಹಾಕಿತ್ತು: ಸುಮಾರು 6,300 ಜನರಿಗೆ ಒಬ್ಬ ವೈದ್ಯ, ಸುಮಾರು 43,000 ಜನರಿಗೆ ಒಬ್ಬ ದಾದಿ. ಅಷ್ಟು ವಿಶಾಲವಾದ ದೇಶದಲ್ಲಿ ದಾದಿಯರ ಒಟ್ಟು ಸಂಖ್ಯೆ 7,000ದ ಆಸುಪಾಸಿನಲ್ಲಿತ್ತು. ಈ ಎಣಿಕೆಯ ಆಧಾರದ ಮೇಲೆಯೇ ಸಮಿತಿಯು 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಇಬ್ಬರು ವೈದ್ಯರು ಎಂಬ ಅಲ್ಪಾವಧಿಯ ಯೋಜನೆಯನ್ನು ಮುಂದಿಟ್ಟಿತು. ಇಂದು ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬ ಮಾನದಂಡವಿದೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಿಗೆ ಇದು ಕ್ರಮವಾಗಿ 3,000, 20,000 ಮತ್ತು 80,000.

ಕೇಂದ್ರ ಆರೋಗ್ಯ ಸಚಿವಾಲಯವು ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಸಂಪುಟವನ್ನು 1992ರಿಂದ ಪ್ರಕಟಿಸುತ್ತ ಬಂದಿದೆ. ಪ್ರತಿ ವರ್ಷ ಮಾರ್ಚ್ 31ರಂದು ಇದ್ದ ಸ್ಥಿತಿ ಅದರಲ್ಲಿ ದಾಖಲಾಗುತ್ತದೆ. ಈ ಸಂಪುಟವನ್ನು ಓದಬೇಕಾದರೆ ಐದು ಶಬ್ದಗಳನ್ನು ಬೇರ್ಪಡಿಸಿ ತಿಳಿದಿರಬೇಕು. ಮಾನದಂಡದ ಪ್ರಕಾರ ಎಷ್ಟು ಮಂದಿ ಬೇಕೋ ಅದು ‘ಅಗತ್ಯ’. ಸರ್ಕಾರ ಆದೇಶ ಹೊರಡಿಸಿ ಸೃಷ್ಟಿಸಿದ ಹುದ್ದೆಗಳ ಸಂಖ್ಯೆ ‘ಮಂಜೂರು’. ಆ ಹುದ್ದೆಗಳಲ್ಲಿ ಸೇವೆಯಲ್ಲಿರುವವರು ‘ಭರ್ತಿ’. ಮಂಜೂರಿನಿಂದ ಭರ್ತಿಯನ್ನು ಕಳೆದರೆ ಬರುವುದು ‘ಖಾಲಿ’. ಅಗತ್ಯದಿಂದ ಭರ್ತಿಯನ್ನು ಕಳೆದರೆ ಬರುವುದು ‘ಕೊರತೆ’. ಪತ್ರಿಕೆಗಳ ತಲೆಬರಹಗಳಲ್ಲಿ ಖಾಲಿ ಮತ್ತು ಕೊರತೆಗಳು ಒಂದೇ ಎಂಬಂತೆ ಬಳಕೆಯಾಗುವುದು ಸಾಮಾನ್ಯ. ಆದರೆ ಹುದ್ದೆಯನ್ನೇ ಮಂಜೂರು ಮಾಡದ ಸರ್ಕಾರಕ್ಕೆ ಖಾಲಿ ಹುದ್ದೆಯೇ ಇರುವುದಿಲ್ಲ! ಹತ್ತು ಹುದ್ದೆ ಬೇಕಾದಲ್ಲಿ ಮೂರನ್ನು ಮಂಜೂರು ಮಾಡಿ ಮೂರನ್ನೂ ತುಂಬಿದರೆ ಖಾಲಿ ಸೊನ್ನೆ, ಕೊರತೆ ಏಳು.

ಇದು ಬರಿಯ ಶಬ್ದಗಳ ಸೂಕ್ಷ್ಮವಲ್ಲ. 2022ರ ಮಾರ್ಚ್ 31ರಂದು ದೇಶದ ಗ್ರಾಮೀಣ ಭಾಗದಲ್ಲಿ 5,480 ಸಮುದಾಯ ಆರೋಗ್ಯ ಕೇಂದ್ರಗಳಿದ್ದವು. ಪ್ರತಿ ಕೇಂದ್ರಕ್ಕೂ ಶಸ್ತ್ರಚಿಕಿತ್ಸಕರು, ಪ್ರಸೂತಿ ತಜ್ಞರು, ಫಿಜಿಷಿಯನ್ ಮತ್ತು ಮಕ್ಕಳ ತಜ್ಞರು ಹೀಗೆ ನಾಲ್ವರು ಬೇಕೆಂದರೆ ಒಟ್ಟು ಅಗತ್ಯ 21,920. ಸೇವೆಯಲ್ಲಿದ್ದವರು 4,485 ಮಾತ್ರ. ಕೇಂದ್ರಕ್ಕೆ ಒಬ್ಬರಂತೆಯೂ ತಜ್ಞರಿರಲಿಲ್ಲ. ಸುಮಾರು ಶೇ. 80ರಷ್ಟಿರುವ ಈ ಕೊರತೆಯಲ್ಲಿ ಒಂದು ದೊಡ್ಡ ಭಾಗಕ್ಕೆ ಹುದ್ದೆಯೇ ಮಂಜೂರಾಗಿರಲಿಲ್ಲ. ಖಾಲಿ ಹುದ್ದೆಗಳ ಪಟ್ಟಿಯನ್ನು ಮಾತ್ರ ನೋಡಿದವರಿಗೆ ಆ ಭಾಗ ಕಾಣಿಸುವುದೇ ಇಲ್ಲ. ಇನ್ನೂ ಒಂದು ಸಂಗತಿ: ಇಲ್ಲಿ ಅಗತ್ಯವನ್ನು ಲೆಕ್ಕಹಾಕಿರುವುದು ಈಗಾಗಲೇ ಕಟ್ಟಿರುವ ಕೇಂದ್ರಗಳ ಸಂಖ್ಯೆಯ ಮೇಲೆ. ಜನಸಂಖ್ಯೆಗೆ ತಕ್ಕಷ್ಟು ಕೇಂದ್ರಗಳಿಲ್ಲದ ರಾಜ್ಯದಲ್ಲಿ, ಕಟ್ಟದೆ ಬಿಟ್ಟ ಆಸ್ಪತ್ರೆಗೆ ಬೇಕಾಗಿದ್ದ ತಜ್ಞರು ಈ ಕೊರತೆಯಲ್ಲಿಯೂ ಸೇರುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ಅಂಕಿಗಳು ಮತ್ತೊಂದು ಪಾಠವನ್ನು ಹೇಳುತ್ತವೆ. ಅದೇ ದಿನಾಂಕಕ್ಕೆ ಗ್ರಾಮೀಣ ಭಾಗದಲ್ಲಿದ್ದ ಕೇಂದ್ರಗಳು 24,935. ಅಲೋಪಥಿ ವೈದ್ಯರು 30,640. ಕೇಂದ್ರಕ್ಕೆ ಒಬ್ಬರೆಂಬ ಮಾನದಂಡದಲ್ಲಿ ನೋಡಿದರೆ ವೈದ್ಯರು ಐದು ಸಾವಿರಕ್ಕೂ ಅಧಿಕವಾಗಿ ಮಿಗಬೇಕು. ಆದರೂ ಸಂಪುಟವು ಸುಮಾರು ಶೇ. 3ರ ಕೊರತೆಯನ್ನು ತೋರಿಸುತ್ತದೆ. ಇದು ತಪ್ಪು ಲೆಕ್ಕವಲ್ಲ. ಒಂದು ರಾಜ್ಯದಲ್ಲಿ ಹೆಚ್ಚಾಗಿರುವ ವೈದ್ಯರನ್ನು ಇನ್ನೊಂದು ರಾಜ್ಯದ ಕೊರತೆಗೆ ಹೊಂದಿಸುವಂತಿಲ್ಲ ಎಂಬ ನಿಯಮವನ್ನು ಸಂಪುಟ ಪಾಲಿಸುತ್ತದೆ. ಹೆಚ್ಚುವರಿಯನ್ನು ಬದಿಗಿಟ್ಟು, ಕೊರತೆಯಿರುವ ರಾಜ್ಯಗಳ ಕೊರತೆಯನ್ನಷ್ಟೇ ಕೂಡುತ್ತದೆ. ವಿವೇಕದ ಕ್ರಮವೇ ಸರಿ. ನೆರೆ ರಾಜ್ಯದ ಹಳ್ಳಿಯಲ್ಲಿ ಇಬ್ಬರು ವೈದ್ಯರಿದ್ದಾರೆಂದು ನಮ್ಮ ಹಳ್ಳಿಯ ರೋಗಿಗೆ ಚಿಕಿತ್ಸೆ ದೊರೆಯುವುದಿಲ್ಲವಷ್ಟೆ.

ಆದರೆ ಇದೇ ವಿವೇಕವನ್ನು ರಾಜ್ಯದೊಳಗೆ, ಜಿಲ್ಲೆಯೊಳಗೆ, ಕಡೆಗೆ ಒಂದು ಆಸ್ಪತ್ರೆಯ ಮಟ್ಟದವರೆಗೆ ಇಳಿಸಬೇಕಾಗುತ್ತದೆ. ಒಂದು ಊಹೆಯ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಜಿಲ್ಲೆಯಲ್ಲಿ ಎರಡು ತಾಲ್ಲೂಕು ಆಸ್ಪತ್ರೆಗಳಿವೆ. ಪ್ರತಿಯೊಂದಕ್ಕೂ ಒಬ್ಬ ಪ್ರಸೂತಿ ತಜ್ಞರು ಹಾಗೂ ಒಬ್ಬ ಅರಿವಳಿಕೆ ತಜ್ಞರು ಬೇಕು. ಮೊದಲ ಆಸ್ಪತ್ರೆಯಲ್ಲಿ ಇಬ್ಬರು ಪ್ರಸೂತಿ ತಜ್ಞರಿದ್ದು ಅರಿವಳಿಕೆ ತಜ್ಞರಿಲ್ಲ. ಎರಡನೆಯದರಲ್ಲಿ ಇಬ್ಬರು ಅರಿವಳಿಕೆ ತಜ್ಞರಿದ್ದು ಪ್ರಸೂತಿ ತಜ್ಞರಿಲ್ಲ. ಜಿಲ್ಲೆಯ ತಃಖ್ತೆಯಲ್ಲಿ ಬೇಕಾದವರು ನಾಲ್ವರು, ಇರುವವರು ನಾಲ್ವರು, ಖಾಲಿ ಸೊನ್ನೆ. ಮಧ್ಯರಾತ್ರಿ ಹೆರಿಗೆ ಕಠಿಣವಾಗಿ ಸಿಸೇರಿಯನ್ ಶಸ್ತ್ರಚಿಕಿತ್ಸೆ ಬೇಕಾದ ತಾಯಿಗೆ ಎರಡೂ ಆಸ್ಪತ್ರೆಗಳು ಮುಚ್ಚಿದ ಬಾಗಿಲುಗಳೇ. ಆಂಬುಲೆನ್ಸ್ ಜಿಲ್ಲಾ ಕೇಂದ್ರದ ದಾರಿ ಹಿಡಿಯುತ್ತದೆ. ರಕ್ತಸ್ರಾವವಾಗುತ್ತಿರುವಾಗ ಆ ಒಂದೆರಡು ಗಂಟೆಗಳ ದಾರಿ ಎಂಥದ್ದೆಂಬುದನ್ನು ಬಲ್ಲ ಕುಟುಂಬಗಳು ನಮ್ಮ ನಡುವೆ ಇವೆ. ತಜ್ಞರನ್ನು ಒಬ್ಬೊಬ್ಬರಾಗಿ ಎಣಿಸುವುದಕ್ಕಿಂತ, ಪ್ರಸೂತಿ, ಅರಿವಳಿಕೆ ಮತ್ತು ಮಕ್ಕಳ ತಜ್ಞರು ಮೂವರೂ ಒಂದೇ ಸೂರಿನಡಿ ಇರುವ ಆಸ್ಪತ್ರೆಗಳು ಎಷ್ಟು ಎಂದು ಎಣಿಸುವುದು ಹೆಚ್ಚು ಸತ್ಯವಾದ ಲೆಕ್ಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೇಲೆ ಹೇಳಿದ 21,920 ತಜ್ಞರ ಲೆಕ್ಕದಲ್ಲಿ ಅರಿವಳಿಕೆ ತಜ್ಞರು ಸೇರಿಯೇ ಇಲ್ಲವೆಂಬುದನ್ನೂ ಗಮನಿಸಬೇಕು.

ದಾದಿಯರ ವಿಷಯದಲ್ಲಿ ಸರಳ ಗಣಿತವೇ ಕಣ್ಣು ತೆರೆಸುತ್ತದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ದಿನದ 24 ಗಂಟೆಯೂ ಹೆರಿಗೆ ಸೌಲಭ್ಯವಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ಶುಶ್ರೂಷಕಿಯರನ್ನು ಒದಗಿಸುವ ಗುರಿಯಿಟ್ಟುಕೊಂಡಿತು. ವಾರಕ್ಕೆ 168 ಗಂಟೆಗಳು. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಮೂವರಿಂದ 144 ಗಂಟೆ. ಯಾರೂ ರಜೆ ಹಾಕದಿದ್ದರೂ, ಯಾರಿಗೂ ತರಬೇತಿಗೆ ಕರೆ ಬರದಿದ್ದರೂ, ವಾರದಲ್ಲಿ 24 ಗಂಟೆ ಅಲ್ಲಿ ದಾದಿಯಿಲ್ಲ. ರಜೆ, ಹಬ್ಬ, ಹೆರಿಗೆ ರಜೆಗಳನ್ನು ಸೇರಿಸಿದರೆ ಒಂದು ಪಾಳಿಯೂ ಬರಿದಾಗದಂತೆ ನೋಡಿಕೊಳ್ಳಲು ನಾಲ್ವರಿಗಿಂತ ಹೆಚ್ಚು ಮಂದಿ ಬೇಕು. ಮೂರು ಹುದ್ದೆ ಮಂಜೂರಾಗಿ ಮೂರೂ ತುಂಬಿರುವುದರಿಂದ ಇಂಥ ಕೇಂದ್ರ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದು. ಆದರೂ ಒಂದು ರಾತ್ರಿ ಬಾಗಿಲಿಗೆ ಬೀಗ ಬೀಳುತ್ತದೆ. ಜನ ದಾದಿಯನ್ನು ದೂರುತ್ತಾರೆ.

ಪಟ್ಟಿ ತಯಾರಾಗುವುದು ಎಲ್ಲಿ? ಉಪಕೇಂದ್ರದ ವಿವರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಅವರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಕೊನೆಗೆ ಬೆಂಗಳೂರಿನ ಆರೋಗ್ಯ ಸೌಧಕ್ಕೆ ತಲುಪುತ್ತದೆ. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ತಿಂಗಳ ಐದನೆಯ ತಾರೀಖಿನೊಳಗೆ ಈ ತಃಖ್ತೆ ಮೇಲಕ್ಕೆ ಹೋಗಬೇಕಿತ್ತು. ತಿಂಗಳ ಆರಂಭದಲ್ಲಿ ವೇತನ ಬಿಲ್ಲು, ಲಸಿಕೆಯ ವರದಿ, ಸಭೆಯ ಟಿಪ್ಪಣಿಗಳ ನಡುವೆ ಹಿಂದಿನ ತಿಂಗಳ ತಃಖ್ತೆಯ ಮೇಲಿನ ದಿನಾಂಕವನ್ನು ತಿದ್ದಿ ಕಳುಹಿಸುವ ಅಭ್ಯಾಸ ಬೆಳೆದಿತ್ತು. ಒಮ್ಮೆ ನಿವೃತ್ತರಾಗಿ ಸನ್ಮಾನ ಸ್ವೀಕರಿಸಿ ಮನೆಗೆ ತೆರಳಿದ್ದ ಔಷಧ ವಿತರಕರೊಬ್ಬರು ನಮ್ಮ ಪಟ್ಟಿಯಲ್ಲಿ ಇನ್ನೂ ಐದು ತಿಂಗಳು ಸೇವೆಯಲ್ಲಿದ್ದರು. ಆ ಐದು ತಿಂಗಳು ಅಲ್ಲಿಗೆ ಬದಲಿ ವ್ಯವಸ್ಥೆಯನ್ನು ಯಾರೂ ಯೋಚಿಸಲಿಲ್ಲ. ಕಾಗದದ ಪ್ರಕಾರ ಹುದ್ದೆ ತುಂಬಿತ್ತಲ್ಲ! ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಆ ಪಟ್ಟಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಈಗ ರಾಜ್ಯ ಸರ್ಕಾರಿ ನೌಕರರ ವೇತನ ಎಚ್‌ಆರ್‌ಎಂಎಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ಆಗುತ್ತಿರುವುದರಿಂದ, ಯಾವ ಹುದ್ದೆಯ ಎದುರಿಗೆ ವೇತನ ಸಂದಾಯವಾಗುತ್ತಿದೆ ಎಂಬುದನ್ನು ನೋಡಿ ಇಂಥ ತಪ್ಪನ್ನು ಹಿಡಿಯಬಹುದು. ವೇತನ ಎಲ್ಲಿಂದ ಬರುತ್ತದೆ ಎಂಬುದನ್ನು ಗಣಕ ಬಲ್ಲದು. ಆ ವ್ಯಕ್ತಿ ಎಲ್ಲಿ ಕುಳಿತಿದ್ದಾರೆ ಎಂಬುದು ಬೇರೆ ಮಾತು.

ಮಂಜೂರಾದ ಹುದ್ದೆಯಲ್ಲಿದ್ದೂ ಸ್ಥಳದಲ್ಲಿ ಇಲ್ಲದವರ ವರ್ಗ ದೊಡ್ಡದು. ಸೇವಾನಿರತ ವೈದ್ಯರು ಸ್ನಾತಕೋತ್ತರ ವ್ಯಾಸಂಗಕ್ಕೆ ತೆರಳಿದರೆ ಮೂರು ವರ್ಷ. ಇದು ಒಳ್ಳೆಯದೇ, ಅವರು ತಜ್ಞರಾಗಿ ಮರಳುತ್ತಾರೆ. ಆದರೆ ಅಷ್ಟು ಕಾಲ ಅವರ ಊರಿನ ಆಸ್ಪತ್ರೆಯ ಗತಿಯೇನು ಎಂಬುದು ಪಟ್ಟಿಯಲ್ಲಿರುವುದಿಲ್ಲ. ಅನಧಿಕೃತ ಗೈರುಹಾಜರಾದವರ ವಿಚಾರಣೆ ಮುಗಿಯುವವರೆಗೆ ಹುದ್ದೆ ಅವರ ಹೆಸರಿನಲ್ಲಿಯೇ ಇರುತ್ತದೆ. ಉಪಕೇಂದ್ರದ ಆರೋಗ್ಯ ಸುರಕ್ಷಾಧಿಕಾರಿಯ ಹುದ್ದೆ, ಜನರ ಬಾಯಲ್ಲಿ ಇಂದಿಗೂ ‘ಎಎನ್‌ಎಂ ಸಿಸ್ಟರ್’ ಹುದ್ದೆ, ತೆರವಾದರೆ ಪಕ್ಕದ ಉಪಕೇಂದ್ರದವರಿಗೆ ಪ್ರಭಾರ ವಹಿಸಲಾಗುತ್ತದೆ. ಐದು ಸಾವಿರ ಜನರನ್ನು ನೋಡಬೇಕಾದ ಒಬ್ಬ ಮಹಿಳೆ ಹತ್ತು ಸಾವಿರ ಜನರ ಗರ್ಭಿಣಿಯರನ್ನು, ಲಸಿಕೆಯ ಮಕ್ಕಳನ್ನು ನೋಡುತ್ತಾಳೆ. ತಃಖ್ತೆಯಲ್ಲಿ ಖಾಲಿ ಒಂದು. ಊರುಗಳಲ್ಲಿ ಸೊರಗಿದ್ದು ಎರಡು ಉಪಕೇಂದ್ರ.

ಗುತ್ತಿಗೆ ನೌಕರರನ್ನು ಎಲ್ಲಿ ಸೇರಿಸಬೇಕೆಂಬುದು ಇನ್ನೂ ತೊಡಕಿನ ಪ್ರಶ್ನೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ವರ್ಷದ ಗುತ್ತಿಗೆಯ ಮೇಲೆ ದುಡಿಯುವ ದಾದಿಯರು, ಪ್ರಯೋಗಶಾಲಾ ತಂತ್ರಜ್ಞರು ಕಾಯಂ ಹುದ್ದೆಯ ಎದುರಿಗೆ ನೇಮಕಗೊಂಡವರಲ್ಲ. ಅವರನ್ನು ‘ಭರ್ತಿ’ಗೆ ಸೇರಿಸಿದರೆ ಖಾಲಿ ಕಡಿಮೆಯಾಗಿ ಕಾಣುತ್ತದೆ, ಕಾಯಂ ನೇಮಕಾತಿಯ ಒತ್ತಾಯ ಕುಗ್ಗುತ್ತದೆ. ಸೇರಿಸದಿದ್ದರೆ ಹಗಲಿರುಳು ದುಡಿಯುವವರು ಲೆಕ್ಕಕ್ಕೇ ಬಾರದವರಾಗುತ್ತಾರೆ. ಇಬ್ಬರನ್ನೂ ಬೇರೆ ಬೇರೆ ಕಲಮುಗಳಲ್ಲಿ ತೋರಿಸುವುದೊಂದೇ ಪ್ರಾಮಾಣಿಕ ಮಾರ್ಗ. 2012ರ ಕಾಯ್ದೆಯಂತೆ ವೈದ್ಯಕೀಯ ವ್ಯಾಸಂಗ ಮುಗಿಸಿ ಒಂದು ವರ್ಷದ ಕಡ್ಡಾಯ ಸೇವೆಗೆ ಬರುವ ಯುವ ವೈದ್ಯರದೂ ಪ್ರತ್ಯೇಕ ಕಲಮು ಆಗಬೇಕು. ಅವರು ಇಂದು ಇದ್ದರೂ ಮುಂದಿನ ವರ್ಷ ಅದೇ ಕುರ್ಚಿ ಮತ್ತೆ ಬರಿದಾಗುತ್ತದೆ. ಇನ್ನು ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯರು ಗೌರವಧನದ ಮೇಲೆ ದುಡಿಯುವವರು. ಅವರದು ಸರ್ಕಾರಿ ಹುದ್ದೆಯೇ ಅಲ್ಲದ್ದರಿಂದ ಒಬ್ಬ ಆಶಾ ಕಾರ್ಯಕರ್ತೆ ಕೆಲಸ ಬಿಟ್ಟರೆ ಯಾವ ಹುದ್ದೆಯೂ ಖಾಲಿಯಾಗುವುದಿಲ್ಲ.

ಜಿಲ್ಲಾ ಆಸ್ಪತ್ರೆಯ ಅಂಕಿಗಳನ್ನು ಹುಡುಕುವವರು ಒಂದನ್ನು ನೆನಪಿಡಬೇಕು. ಸರ್ಕಾರಿ ವೈದ್ಯಕೀಯ ಕಾಲೇಜು ಇರುವ ಅನೇಕ ಜಿಲ್ಲೆಗಳಲ್ಲಿ ಹಳೆಯ ಜಿಲ್ಲಾ ಆಸ್ಪತ್ರೆ ಈಗ ಬೋಧಕ ಆಸ್ಪತ್ರೆಯಾಗಿ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದೆ. ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಅದು ಸಿಗದು.

ತಾಲ್ಲೂಕನ್ನು ಘಟಕವಾಗಿಟ್ಟು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಶ್ರೇಷ್ಠ ನಿದರ್ಶನವಿದೆ. ಡಾ. ಡಿ. ಎಂ. ನಂಜುಂಡಪ್ಪ ಅವರ ನೇತೃತ್ವದ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ತೋರಿಸಿತು. ಆ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದವು. ರಾಜ್ಯದ ಸರಾಸರಿಯನ್ನಷ್ಟೇ ನೋಡಿದ್ದರೆ, ಜಿಲ್ಲೆಯ ಸರಾಸರಿಯನ್ನು ನೋಡಿದ್ದರೂ ಸಹ, ದಕ್ಷಿಣದ ಜಿಲ್ಲೆಗಳ ಒಳಗೆ ಅಡಗಿದ್ದ 13 ಅತ್ಯಂತ ಹಿಂದುಳಿದ ತಾಲ್ಲೂಕುಗಳು ಸುಲಭವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಖಾಲಿ ಹುದ್ದೆಗಳ ವಿಷಯದಲ್ಲಿಯೂ ರಾಜ್ಯದ ಶೇಕಡಾವಾರು ಅಂಕಿ ವಿಧಾನಮಂಡಲದ ಉತ್ತರಕ್ಕೆ ಸಾಕು, ಊರಿನ ರೋಗಿಗೆ ಸಾಲದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸಂವಿಧಾನದ 371ಜೆ ವಿಧಿಯಂತೆ ಸ್ಥಳೀಯ ವೃಂದದ ಹುದ್ದೆಗಳೇ ಪ್ರತ್ಯೇಕವಾಗಿರುವುದರಿಂದ ಅಲ್ಲಿಯ ಪಟ್ಟಿಯನ್ನು ಬೇರೆಯಾಗಿಯೇ ಓದಬೇಕು.

ನಮ್ಮ ಕನ್ನಡಿಗ ವೈದ್ಯರು ಅನೇಕರು ದುಡಿಯುತ್ತಿರುವ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಖಾಲಿ ಹುದ್ದೆಗಳ ಅಂಕಿಯನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ. ಅಲ್ಲಿ ಎಣಿಸುವುದು ತಲೆಗಳನ್ನಲ್ಲ, ಪೂರ್ಣಾವಧಿಯ ದುಡಿಮೆಯ ಪ್ರಮಾಣವನ್ನು. ಅರ್ಧ ದಿನ ದುಡಿಯುವ ಇಬ್ಬರು ಸೇರಿ ಒಂದು. ಉದ್ಯೋಗ ಜಾಹೀರಾತುಗಳನ್ನು ಎಣಿಸಿ ಖಾಲಿ ಹುದ್ದೆ ಎನ್ನುವಂತಿಲ್ಲವೆಂಬುದೂ ಅವರ ಅನುಭವ, ಏಕೆಂದರೆ ಒಂದೇ ಜಾಹೀರಾತಿನಲ್ಲಿ ಹಲವು ಹುದ್ದೆಗಳಿರಬಹುದು.

ಇಷ್ಟೆಲ್ಲ ಓದಿದ ಮೇಲೆ, ‘ನಾವೇನು ಮಾಡಬಹುದು?’ ಎಂದು ಕೇಳುವ ಭಕ್ತರಿಗೆ ಒಂದು ಕಾರ್ಯಸಾಧ್ಯವಾದ ಮಾತನ್ನು ಹೇಳುತ್ತೇನೆ. ಮಾಹಿತಿ ಹಕ್ಕು ಅಧಿನಿಯಮ 2005ರ 4ನೆಯ ಪ್ರಕರಣದ ಪ್ರಕಾರ ಪ್ರತಿ ಸರ್ಕಾರಿ ಕಚೇರಿಯೂ ತನ್ನ ಅಧಿಕಾರಿ ಮತ್ತು ನೌಕರರ ವಿವರವನ್ನು, ಅವರ ಮಾಸಿಕ ವೇತನವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಯ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದುದರಿಂದ ಆಸ್ಪತ್ರೆಯ ಸ್ವಚ್ಛತೆ, ಔಷಧಿಯ ದೂರು, ಸಿಬ್ಬಂದಿಯ ನಡವಳಿಕೆ ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಬಾರದು. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆದರೆ ಸಾಕು:

‘ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅದರ ಉಪಕೇಂದ್ರಗಳಲ್ಲಿ ಇಂದಿಗೆ ಮಂಜೂರಾಗಿರುವ ಹುದ್ದೆಗಳು ಯಾವುವು, ಎಷ್ಟು? ಅವುಗಳಲ್ಲಿ ಕಾಯಂ ನೌಕರರಿಂದ ಭರ್ತಿಯಾದವು ಎಷ್ಟು, ಗುತ್ತಿಗೆಯವರಿಂದ ಎಷ್ಟು? ಭರ್ತಿಯಾದ ಹುದ್ದೆಗಳ ಪೈಕಿ ನಿಯೋಜನೆ, ವ್ಯಾಸಂಗ ಅಥವಾ ಗೈರುಹಾಜರಿಯ ಕಾರಣ ಸ್ಥಳದಲ್ಲಿ ಇಲ್ಲದವು ಎಷ್ಟು? ಖಾಲಿ ಇರುವ ಪ್ರತಿಯೊಂದು ಹುದ್ದೆಯೂ ಯಾವ ದಿನಾಂಕದಿಂದ ಖಾಲಿ ಇದೆ?’

ಯಾರ ಹೆಸರನ್ನೂ ಕೇಳುವ ಅವಶ್ಯಕತೆಯಿಲ್ಲ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬಾರದು. ಎರಡು ತಿಂಗಳ ಹಿಂದೆ ವರ್ಗಾವಣೆಯಿಂದ ತೆರವಾದ ಹುದ್ದೆ, ಆರು ವರ್ಷದಿಂದ ಯಾರೂ ಬಾರದ ಹುದ್ದೆ ಎರಡೂ ಪಟ್ಟಿಯಲ್ಲಿ ‘ಒಂದು’ ಎಂದೇ ಕಾಣುತ್ತವೆ. ಮೊದಲನೆಯದು ಮುಂದಿನ ಕೌನ್ಸೆಲಿಂಗ್‌ನಲ್ಲಿ ತುಂಬೀತು. ಎರಡನೆಯದಕ್ಕೆ ವಸತಿಗೃಹವಿಲ್ಲವೋ, ಬಸ್ಸಿಲ್ಲವೋ, ಬಂದವರು ಏಕೆ ನಿಲ್ಲಲಿಲ್ಲವೋ ಎಂಬುದನ್ನು ಊರಿನವರೇ ಕುಳಿತು ಯೋಚಿಸಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಬಹುದು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ ಒಂದು ಪ್ರತಿ ಕೊಡಬಹುದು.

ಅರ್ಜಿಯನ್ನು ಯಾವಾಗ ಹಾಕಬೇಕೆಂಬುದಕ್ಕೂ ಒಂದು ಸಲಹೆಯಿದೆ. ಹಿಂದಿನ ತಲೆಮಾರಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ ಅರುವತ್ತು ತುಂಬಿದ ಅನೇಕ ನೌಕರರು ಮೇ 31ರಂದು ಒಟ್ಟಾಗಿ ಮನೆಗೆ ಹೋಗುತ್ತಾರೆ. ಮಾರ್ಚ್ 31ರ ಅಧಿಕೃತ ಪಟ್ಟಿಯಲ್ಲಿ ಅವರೆಲ್ಲರೂ ಸೇವೆಯಲ್ಲಿಯೇ ಇರುತ್ತಾರೆ. ಮಳೆಗಾಲದ ಜ್ವರ, ವಾಂತಿಭೇದಿಗಳು ಕಾಲಿಡುವ ಹೊತ್ತಿಗೆ ಇಲ್ಲ. ಅರ್ಜಿಯನ್ನು ಜೂನ್ ಮೊದಲ ವಾರದಲ್ಲಿ ಸಲ್ಲಿಸಿ, ಆ ದಿನದ ಸ್ಥಿತಿಯನ್ನು ಕೇಳಿರಿ.